ಮೂರನೆಯ ಕ್ವಾರ್ಟರ್

ಶುಕ್ರವಾರ ಮಧ್ಯಾಹ್ನ ಸಂಖ್ಯಾಶಾಸ್ತ್ರದ ಅಧ್ಯಾಪಕಿ ತನ್ನ ವರದಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಾಗ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ವರದಿ ಒಂದೇ ಪುಟ, ಜೊತೆಗೆ ಒಂದು ನಕ್ಷೆ. ಸಾರಾಂಶ ಇಷ್ಟೇ: ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚ್ ಜೊತೆ ಮಾಡಿಕೊಂಡ ಮೂರು ವರ್ಷದ ಒಪ್ಪಂದ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅದನ್ನು ಮುಂದುವರಿಸುವುದು ಬೇಡ.

ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು ಕೊನೆಯ ಸಾಲನ್ನು ಮೊದಲು ಓದಿದರು. ಅವರು ಎಲ್ಲ ಕಾಗದಗಳನ್ನೂ ಓದುವುದು ಹಾಗೆಯೇ.

"ಕಡ್ಡಿ ಮುರಿದ ಹಾಗೆ ಬರೆದಿದೀರಿ," ಎಂದರು. "ಆದರೆ, ಒಂದು ವೇಳೆ, ಬಹುಶಃ, ಇಂಥದ್ದು ಒಂದೂ ಇಲ್ಲ."

"ಸೇರಿಸೋ ಅಗತ್ಯ ಬೀಳಲಿಲ್ಲ ಸರ್."

"ಒಳ್ಳೇದು. ಸೋಮವಾರ ಹನ್ನೊಂದಕ್ಕೆ ಸಮಿತಿ ಸೇರುತ್ತೆ. ನಾನು, ನೀವು, ದಾನಿಗಳು. ಹತ್ತು ನಿಮಿಷದ ಕೆಲಸ."

ದಾನಿಗಳೆಂದರೆ ಕಾಲೇಜಿನ ಹಳೆಯ ವಿದ್ಯಾರ್ಥಿ, ಈಗ ಟೈಲ್ಸ್ ಕಾರ್ಖಾನೆಯ ಒಡೆಯರು. ಆಟದ ಹಾಲ್‌ಗೆ ಒಂದು ಗೋಡೆ ತುಂಬುವಷ್ಟು ದೊಡ್ಡ ಎಲೆಕ್ಟ್ರಾನಿಕ್ ಸ್ಕೋರ್‌ಬೋರ್ಡ್ ಕೊಟ್ಟಿದ್ದರು. ಅಂದಿನಿಂದ ಅವರ ದೂರು ಒಂದೇ: "ನಾನು ಕೊಟ್ಟ ಬೋರ್ಡ್ ಮೇಲೆ ನಮ್ಮ ಸೋಲೇ ಫಳಫಳ ಹೊಳೀತಿದೆ."

ಅಧ್ಯಾಪಕಿ ಕ್ರೀಡಾ ಸಮಿತಿಗೆ ಬಂದದ್ದು ಆಟ ಗೊತ್ತಿದ್ದುದರಿಂದಲ್ಲ. ಚೆಂಡು ತನ್ನ ಕಡೆ ಬಂದರೆ ಪಕ್ಕಕ್ಕೆ ಸರಿಯುವ ಜಾತಿ ಅವಳದು. ಪ್ರಿನ್ಸಿಪಾಲರಿಗೆ ಯಾರ ಮೇಲೂ ಮುನಿಸಿಲ್ಲದ, ಯಾರ ಪರವೂ ಇಲ್ಲದ ಒಬ್ಬರು ಬೇಕಾಗಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು 'ದಶಮಾಂಶ' ಎನ್ನುತ್ತಿದ್ದರು; ಪರೀಕ್ಷೆಯಲ್ಲಿ ಅರ್ಧ ಅಂಕವನ್ನು ಕಾಲಾಗಿ ಒಡೆದು ಕೊಡುವವಳು ಅಂತ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ, ಒಳಗೊಳಗೇ ಖುಷಿಯಾಗಿತ್ತು.

ಕೆಲಸವನ್ನು ಅವಳು ಚೊಕ್ಕವಾಗಿಯೇ ಮಾಡಿದ್ದಳು. ಆಫೀಸಿನ ಗುಮಾಸ್ತರಿಂದ ಸ್ಕೋರ್‌ಶೀಟುಗಳ ಫೈಲ್ ತರಿಸಿದಳು. ಗುಮಾಸ್ತರು ಇಡೀ ಕಾಲೇಜಿನಲ್ಲೇ ಅಚ್ಚುಕಟ್ಟಿನ ಮನುಷ್ಯ. ಏನು ಕೇಳಿದರೂ ಎರಡು ನಿಮಿಷದಲ್ಲಿ ಹುಡುಕಿ ಕೊಡುತ್ತಿದ್ದರು, ಯಾಕೆಂದರೆ ಏನೇ ಬಂದರೂ ಅಕ್ಷರಮಾಲೆಯ ಪ್ರಕಾರ ಜೋಡಿಸುವುದು ಅವರ ಪದ್ಧತಿ. ರಜೆ ಅರ್ಜಿಗಳನ್ನು ಕಾಯಿಲೆಯ ಹೆಸರಿನ ಪ್ರಕಾರ ಇಡುತ್ತಾರೆ ಎಂದು ತಮಾಷೆಯಿತ್ತು. ತಮಾಷೆಯಲ್ಲ, ನಿಜ ಎನ್ನುವವರೂ ಇದ್ದರು.

ಫೈಲಿನಲ್ಲಿ ನಲವತ್ತು ಪಂದ್ಯಗಳ ನಲವತ್ತು ಶೀಟುಗಳು. ಪ್ರತಿಯೊಂದರ ಬಲಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದರಿಂದ ನಲವತ್ತರವರೆಗೆ ಸಂಖ್ಯೆ. ಗೆದ್ದದ್ದು ಹದಿನಾಲ್ಕು, ಸೋತದ್ದು ಇಪ್ಪತ್ತಾರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ದಶಮಾಂಶ ಹೇಗಾದಾಳು? ಒಂದು ಪಂದ್ಯದಲ್ಲಿ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರುಗಳಿರುತ್ತವೆ ಎಂದು ತಿಳಿದುಕೊಂಡು, ಒಂದೊಂದು ಕ್ವಾರ್ಟರಿನಲ್ಲಿ ನಮ್ಮವರು ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಬೇರೆ ಬೇರೆ ಲೆಕ್ಕ ಹಾಕಿದಳು. ಆಗ ಹುಳುಕು ಹೊರಬಿತ್ತು. ಒಂದು, ಎರಡು, ನಾಲ್ಕನೆಯ ಕ್ವಾರ್ಟರುಗಳನ್ನು ಕೂಡಿದರೆ ನಮ್ಮ ತಂಡ ಪ್ರತಿ ಪಂದ್ಯದಲ್ಲೂ ಸರಾಸರಿ ಒಂದು ಪಾಯಿಂಟು ಮುಂದೆ. ಮೂರನೆಯದೊಂದರಲ್ಲೇ ನಾಲ್ಕು ಪಾಯಿಂಟು ಹಿಂದೆ. ಸೋತ ಪಂದ್ಯಗಳಲ್ಲಿ ಹನ್ನೊಂದನ್ನು ಸೋತದ್ದು ನಾಲ್ಕು ಪಾಯಿಂಟು ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ. ಇನ್ನೂ ಒಂದು: ಈ ಮೂರನೆಯ ಕ್ವಾರ್ಟರಿನಲ್ಲಿ ಕೋಚ್ ನಲವತ್ತು ಪಂದ್ಯಗಳಲ್ಲಿ ಒಂದೇ ಒಂದು ಸಲವೂ ಟೈಮ್‌ಔಟ್, ಅಂದರೆ ತಂಡಕ್ಕೆ ಸಲಹೆ ಕೊಡಲು ಬಿಡುವು, ಕೇಳಿರಲಿಲ್ಲ. ಉಳಿದ ಕ್ವಾರ್ಟರುಗಳಲ್ಲಿ ಧಾರಾಳವಾಗಿ ಕೇಳಿದ್ದರು.

ಮಧ್ಯಂತರ ಮುಗಿದ ಮೇಲೆ ಕೋಚ್ ತೂಕಡಿಸುತ್ತಾರೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಇತ್ತು. ಅವಳು ವರದಿಯಲ್ಲಿ ಗುಸುಗುಸು ಬರೆಯುವವಳಲ್ಲ. ಕೆಂಪು ಪೆನ್ಸಿಲಿನ ಸಂಖ್ಯೆಗಳನ್ನು ಅಡ್ಡಗೆರೆಯ ಮೇಲಿಟ್ಟು, ಮೂರನೆಯ ಕ್ವಾರ್ಟರಿನ ಅಂತರವನ್ನು ನೇರಗೆರೆಯ ಮೇಲಿಟ್ಟು ನಲವತ್ತು ಚುಕ್ಕೆ ಹಾಕಿದಳು. ಚುಕ್ಕೆಗಳು ಚೆಲ್ಲಿದ ಸಾಸಿವೆಯ ಹಾಗೆ ಹರಡಿಕೊಂಡಿದ್ದವು. ಏರೂ ಇಲ್ಲ, ಇಳಿತವೂ ಇಲ್ಲ. ಅದರ ಕೆಳಗೆ ಬರೆದಳು: 'ಮೂರು ವರ್ಷಗಳಲ್ಲಿ ಸುಧಾರಣೆಯ ಯಾವ ಸೂಚನೆಯೂ ಇಲ್ಲ.'

ಶನಿವಾರ ಆ ಸಾಲಿನ ಕೊನೆಯ ಪಂದ್ಯ. ಅವಳು ಹೋದಳು. ಒಬ್ಬರ ಕೆಲಸ ಕಳೆಯುವ ಕಾಗದ ಬರೆದ ಮೇಲೆ ಆ ಮನುಷ್ಯನ ಮುಖ ನೋಡಿ ಹೇಳಬೇಕು, ಬೆನ್ನಿಗೆ ಹೇಳಬಾರದು ಎಂದು ಅವಳಿಗೆ ಅನಿಸಿತ್ತು.

ಹಾಲಿನಲ್ಲಿ ರಬ್ಬರು, ಬೆವರು, ನೆಲಕ್ಕೆ ಹಚ್ಚಿದ ಪಾಲಿಶು ಸೇರಿದ ವಾಸನೆ. ಅವಳು ತಂಡದ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಳು. ಕೋಚ್ ಐವತ್ತೇಳರ ಉದ್ದನೆಯ ಮನುಷ್ಯ. ಒಂದು ಕಾಲದಲ್ಲಿ ರೈಲ್ವೆ ತಂಡಕ್ಕೆ ಆಡಿದವರು. ಮೊದಲೆರಡು ಕ್ವಾರ್ಟರಿನಲ್ಲಿ ಅವರ ಬಾಯಿಗೆ ಬಿಡುವಿರಲಿಲ್ಲ. "ಕೈ ಮೇಲೆ, ಕೈ ಮೇಲೆ. ಏ ಗಿಡ್ಡಿ, ಚೆಂಡನ್ನ ಮದುವೆ ಆಗ್ಬೇಡ, ಬಿಡು." ಗಿಡ್ಡಿ ಅಂದರೆ ತಂಡದ ನಾಯಕಿ. ಐದಡಿಯ ಹುಡುಗಿ, ಆದರೆ ಎತ್ತರದವರ ಕಂಕುಳ ಕೆಳಗೆ ನುಸುಳಿ ಹೋಗಿ ಬುಟ್ಟಿಗೆ ಹಾಕಿ ಬರುತ್ತಿದ್ದಳು.

ಮಧ್ಯಂತರ ಮುಗಿಯಿತು. ಕೋಚ್ ತಮ್ಮ ಕೈಲಿದ್ದ ಸಣ್ಣ ಬಿಳಿ ಹಲಗೆಯನ್ನು, ಅಂಕಣದ ಗೆರೆ ಬರೆದಿದ್ದ ಹಲಗೆಯನ್ನು, ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿಯ ತೊಡೆಯ ಮೇಲಿಟ್ಟರು. ಆಮೇಲೆ ಬೆಂಚಿನ ತುದಿಯ ಕುರ್ಚಿಗೆ ಹೋಗಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತುಬಿಟ್ಟರು.

ಆ ಹುಡುಗಿ ಯಾರೆಂದು ನೋಡಿದರೆ, ದಪ್ಪ ಕನ್ನಡಕದವಳು, ಅಧ್ಯಾಪಕಿಯದೇ ತರಗತಿಯ ಕೊನೆಯ ಸಾಲಿನವಳು. ಹಾಜರಿ ಕೂಗಿದಾಗಲೂ ಕೈಯನ್ನಷ್ಟೇ ಎತ್ತುವವಳು, ದನಿ ಹೇಗಿದೆಯೆಂದು ಮೂರು ವರ್ಷದಲ್ಲಿ ಕೇಳಿಸಿರಲಿಲ್ಲ. ಈಗ ಕೇಳಿಸಿತು.

"ಅವರ ಏಳನೇ ನಂಬರ್ ಎಡಗಾಲಿಗೆ ಭಾರ ಹಾಕ್ತಿಲ್ಲ. ಅವಳ ಬಲಕ್ಕೇ ಹೋಗಿ, ಪ್ರತಿ ಸಲ ಬಲಕ್ಕೇ. ಗಿಡ್ಡಿ, ನೀನು ಎರಡು ನಿಮಿಷ ಹೊರಗೆ."

"ನಾನ್ಯಾಕೇ ಹೊರಗೆ?"

"ಏದುಸಿರು ಬಿಡ್ತಿದೀಯ. ಕೊನೇಲಿ ನೀನು ಬೇಕು. ಕೂತ್ಕೋ."

ನಾಯಕಿ ಗೊಣಗುತ್ತ ಕೂತಳು. ಕೋಚ್ ಏನೂ ಹೇಳಲಿಲ್ಲ. ಒಂದು ಸಲ ನಮ್ಮವಳೊಬ್ಬಳು ಚೆಂಡನ್ನು ಸೀದಾ ಎದುರಾಳಿಯ ಕೈಗೇ ಕೊಟ್ಟಾಗ ಅವರ ಮೊಣಕಾಲು ಮಾತ್ರ ಕುಣಿಯಿತು. ಕೈ ತೊಡೆಯ ಕೆಳಗೇ ಇತ್ತು.

ಆ ಹತ್ತು ನಿಮಿಷದಲ್ಲಿ ನಮ್ಮವರು ಮೂರು ಪಾಯಿಂಟು ಹೆಚ್ಚು ಗಳಿಸಿದರು. ಅಧ್ಯಾಪಕಿ ಅದನ್ನು ಗಮನಿಸಿದಳು, ಆದರೆ ಮಣೆ ಹಾಕಲಿಲ್ಲ. ಒಂದು ಪಂದ್ಯ ಪುರಾವೆಯಲ್ಲ ಎಂದು ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದವಳು ಅವಳು. ಕಣ್ಣೆದುರಿನ ಒಂದು ಸಂಗತಿಗೆ ಮರುಳಾಗಿ ನಲವತ್ತನ್ನು ಮರೆಯುವವರನ್ನು ಕಂಡರೆ ಅವಳಿಗೆ ಮರುಕ.

ಕೊನೆಯಲ್ಲಿ ಎರಡು ಪಾಯಿಂಟಿನಿಂದ ಸೋಲಾಯಿತು. ಹುಡುಗಿಯರು ಬಟ್ಟೆ ಬದಲಾಯಿಸಲು ಹೋದ ಮೇಲೆ ಅವಳು ಕೋಚ್ ಹತ್ತಿರ ಹೋದಳು. ಅವರು ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದರು.

"ಮೂರನೇ ಕ್ವಾರ್ಟರ್ ಯಾವಾಗಲೂ ಹೀಗೇನಾ?"

"ಯಾವಾಗಲೂ. ಬಂದ ಮೊದಲನೇ ಪಂದ್ಯದಿಂದ. ಸರದಿ ಪ್ರಕಾರ ಒಬ್ಬೊಬ್ಬರಿಗೆ ಹಲಗೆ ಕೊಡ್ತೀನಿ, ಆ ಹತ್ತು ನಿಮಿಷ ಅವರದ್ದು. ನಾನು ಬಾಯಿ ಬಿಡೋ ಹಾಗಿಲ್ಲ, ಕೈ ತೋರಿಸೋ ಹಾಗಿಲ್ಲ."

"ಅದಕ್ಕೇ ಕೈ ಮೇಲೆ ಕೂರ್ತೀರಾ?"

"ಬಾಯಿಗೆ ಬುದ್ಧಿ ಹೇಳಬಹುದು ಮೇಡಂ, ಈ ಕೈಗಳಿಗೆ ಆಗಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು. "ಇದರಿಂದ ತಂಡಕ್ಕೆ ಪ್ರತಿ ಪಂದ್ಯದಲ್ಲೂ ನಾಲ್ಕು ಪಾಯಿಂಟು ನಷ್ಟ ಆಗಿದೆ. ನಿಮಗೆ ಗೊತ್ತಾ?"

"ಇರಬಹುದು. ಆಟ ಕಲಿಸೋಕೆ ನನ್ನ ಕರೆಸಿದ್ರಿ. ನಾನೇ ಯೋಚನೆ ಮಾಡ್ತಾ ಇದ್ರೆ ಅವರು ಓಡೋದನ್ನ ಕಲೀತಾರೆ, ಆಟ ಕಲಿಯಲ್ಲ. ಮೊದಮೊದಲು ನೋಡೋಕಾಗ್ತಿರಲಿಲ್ಲ, ಒಪ್ಕೋತೀನಿ. ಈಗ ಕಲಿತಿದಾರೆ."

"ಕಲಿತಿಲ್ಲ," ಎಂದಳು ಅವಳು. ಒರಟಾಗಿ ಹೇಳಲಿಲ್ಲ, ಜ್ವರ ಎಷ್ಟಿದೆಯೆಂದು ಓದಿ ಹೇಳುವವರ ಹಾಗೆ ಹೇಳಿದಳು. "ನಲವತ್ತು ಪಂದ್ಯದ ಲೆಕ್ಕ ಹಾಕಿದೀನಿ. ಮೊದಲು ಹೇಗಿತ್ತೋ ಕೊನೇಲೂ ಹಾಗೇ ಇದೆ. ಒಪ್ಪಂದ ಮುಂದುವರಿಸೋದು ಬೇಡ ಅಂತ ಬರೆದುಕೊಟ್ಟಿದೀನಿ. ಸೋಮವಾರ ಬೇರೆಯವರ ಬಾಯಿಂದ ಕೇಳೋ ಬದಲು ನಾನೇ ಹೇಳೋಣ ಅಂತ ಬಂದೆ."

ಕೋಚ್ ಚೀಲದ ಬಾಯಿಯ ದಾರ ಎಳೆದು ಗಂಟು ಹಾಕಿದರು. ಕೆಲಸ ಹೋಗುವ ಮಾತಿಗೆ ಅವರ ಮುಖ ಅಷ್ಟೇನೂ ಬದಲಾಗಲಿಲ್ಲ. ಬದಲಾದದ್ದು ಅದಕ್ಕೂ ಹಿಂದಿನ ಮಾತಿಗೆ.

"ಕಲಿತೇ ಇಲ್ವಾ?" ಎಂದರು. "ನನ್ನ ಕಣ್ಣಿಗೆ ಕಲಿತ ಹಾಗೆ ಕಾಣ್ತಿತ್ತು. ಇಷ್ಟು ವರ್ಷ ಆದ್ಮೇಲೆ ಕಣ್ಣು ಮೋಸ ಮಾಡಿರಬಹುದು." ಚೀಲವನ್ನು ಹೆಗಲಿಗೇರಿಸಿದರು. "ಬಂದು ಹೇಳಿದ್ರಲ್ಲ, ಅದು ದೊಡ್ಡ ಮಾತು ಮೇಡಂ."

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅವಳು ಸೋಮವಾರದ ಸಭೆಗೆ ಪ್ರತಿಗಳನ್ನು ಜೋಡಿಸುತ್ತಿದ್ದಳು. ಗಂಡ ಪಕ್ಕದ ಕೋಣೆಯಲ್ಲಿ ವಾರದ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಅತ್ತೆ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿದ್ದು ಹೆಡ್ ನರ್ಸ್ ಆಗಿ ನಿವೃತ್ತರಾದವರು. ಡಾಕ್ಟರುಗಳನ್ನೇ ಗದರಿಸಿದ ನಾಲಿಗೆ ಸೊಸೆಯನ್ನು ಬಿಟ್ಟೀತೇ?

"ಮುಖ ಯಾಕೆ ಹಾಗೆ ಹುಳ್ಳಗಿದೆ? ನಿನ್ನೆಯಿಂದ ನೋಡ್ತಿದೀನಿ."

"ಒಬ್ಬರ ಕೆಲಸ ಹೋಗುತ್ತೆ ಅತ್ತೆ. ಲೆಕ್ಕ ಸರಿಯಾಗಿದೆ, ಆದ್ರೂ ಒಂಥರಾ."

"ಏನು ಮಾಡಿದ ಮಹಾರಾಯ?"

ಅವಳು ಹೇಳಿದಳು. ಹಲಗೆ, ಹತ್ತು ನಿಮಿಷ, ತೊಡೆಯ ಕೆಳಗೆ ಹಾಕಿದ ಕೈ, ಎಲ್ಲ. ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

"ನಾನೂ ಅದನ್ನೇ ಮಾಡ್ತಿದ್ದೆ. ಹೊಸ ಹುಡುಗಿಯರ ಕೈಗೆ ಸೂಜಿ ಕೊಟ್ಟು ಕೈ ಹಿಂದೆ ಕಟ್ಕೊಂಡು ನಿಲ್ತಿದ್ದೆ. ರೋಗಿಗಳು ನನ್ನ ಕಡೆ ನೋಡೋ ನೋಟ, ಅಬ್ಬಾ. ಎಷ್ಟು ಜನರ ಶಾಪ ಇದೆಯೋ ನನ್ನ ಮೇಲೆ."

"ನಿಮ್ಮ ಹುಡುಗಿಯರು ಕಲಿತ್ರಲ್ಲ ಅತ್ತೆ. ಇವರು ಕಲಿತಿಲ್ಲ. ನೋಡಿ." ಅವಳು ನಕ್ಷೆಯನ್ನು ಮುಂದೆ ತಳ್ಳಿದಳು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಹಾಳೆಯನ್ನು ದೂರ ಹಿಡಿದು ನೋಡಿದರು. "ಇದೇನಿದು, ಜ್ವರದ ಚಾರ್ಟ್ ಥರಾ ಇದೆ. ತಾರೀಕೆಲ್ಲಿ?"

"ತಾರೀಕು ಯಾಕೆ, ಪಂದ್ಯದ ಸಂಖ್ಯೆ ಇದೆಯಲ್ಲ. ಒಂದರಿಂದ ನಲವತ್ತು."

"ತಾರೀಕಿಲ್ಲದ ಚಾರ್ಟ್ ತಂದ್ರೆ ನಾನು ಹುಡುಗಿಯರ ಕೈಗೇ ವಾಪಸ್ ಕೊಡ್ತಿದ್ದೆ. ಜ್ವರ ಏರ್ತಾ ಇದೆಯೋ ಇಳೀತಾ ಇದೆಯೋ ಗೊತ್ತಾಗೋದು ಹೇಗೆ? ಈ ಸಂಖ್ಯೆ ಹಾಕಿದ್ಯಾರು, ಆಟ ಆಡಿಸಿದವರಾ?"

"ಇಲ್ಲ, ನಮ್ಮ ಗುಮಾಸ್ತ್ರು," ಎಂದಳು. ಅಂದ ಮರುಗಳಿಗೆಯೇ ಕೈಯಲ್ಲಿದ್ದ ಕ್ಲಿಪ್ಪು ಮೇಜಿನ ಮೇಲೆ ಬಿತ್ತು.

ಫೈಲ್ ಅವಳ ಚೀಲದಲ್ಲೇ ಇತ್ತು. ತೆಗೆದು ಬಿಡಿಸಿದಳು. ತಾರೀಕು ಶೀಟಿನ ಎಡತುದಿಯಲ್ಲಿತ್ತು, ಫೈಲಿನ ಕ್ಲಿಪ್ಪು ಕಚ್ಚಿಕೊಂಡ ಜಾಗದಲ್ಲಿ ಅಡಗಿತ್ತು. ಕ್ಲಿಪ್ಪು ಸಡಿಲಿಸಿ ನೋಡಿದರೆ, ಮೊದಲನೆಯ ಶೀಟು ಈ ವರ್ಷದ್ದು. ಎರಡನೆಯದು ಮೂರು ವರ್ಷದ ಹಿಂದಿನದು. ಮೂರನೆಯದು ನಡುವಿನ ವರ್ಷದ್ದು. ಗುಮಾಸ್ತರು ಎದುರಾಳಿ ಕಾಲೇಜುಗಳ ಹೆಸರಿನ ಅಕ್ಷರಮಾಲೆಯ ಪ್ರಕಾರ ಶೀಟುಗಳನ್ನು ಜೋಡಿಸಿ, ಪುಟ ಕಳೆದುಹೋಗದಿರಲಿ ಎಂದು ಕೆಂಪು ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿದ್ದರು. ಅವಳು ಪುಟಸಂಖ್ಯೆಯನ್ನು ಪಂದ್ಯದ ಸಂಖ್ಯೆ ಎಂದುಕೊಂಡಿದ್ದಳು. ಅಂದರೆ ಅವಳ ನಕ್ಷೆಯ ಅಡ್ಡಗೆರೆಯ ಮೇಲೆ ಇದ್ದದ್ದು ಕಾಲವಲ್ಲ, ಅಕ್ಷರಮಾಲೆ. ಅಕ್ಷರಮಾಲೆಯ ಉದ್ದಕ್ಕೂ ಯಾರು ತಾನೇ ಸುಧಾರಿಸುತ್ತಾರೆ?

ಅವಳು ನಾಲಿಗೆ ಕಚ್ಚಿಕೊಂಡಳು. ಮೊದಲ ವರ್ಷದ ಹುಡುಗರು ಇಂಥ ತಪ್ಪು ಮಾಡಿದ್ದರೆ ಕಾಲು ಅಂಕವನ್ನೂ ಕೊಡುತ್ತಿರಲಿಲ್ಲ.

"ಏನಾಯ್ತೇ?"

"ತಪ್ಪಾಯ್ತು ಅತ್ತೆ. ನನ್ನದೇ."

"ಸಾಯೋ ಅಂಥದ್ದಾ?"

"ಅಲ್ಲ. ತಿದ್ದೋ ಅಂಥದ್ದು."

"ಹಾಗಾದ್ರೆ ಮೇಜು ಪೂರ್ತಿ ತಗೋ," ಎಂದು ಅತ್ತೆ ಬಟಾಣಿಯ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು.

ಕ್ಲಿಪ್ಪಿನಿಂದ ಎಲ್ಲ ಶೀಟು ಬಿಡಿಸಿ, ತಾರೀಕಿನ ಪ್ರಕಾರ ಜೋಡಿಸಿ, ಶನಿವಾರದ ಪಂದ್ಯವನ್ನು ಬೇಕೆಂದೇ ಹೊರಗಿಟ್ಟು ಅವಳು ಮತ್ತೆ ನಲವತ್ತು ಚುಕ್ಕೆ ಹಾಕಿದಳು. ಸಾಸಿವೆ ಸಾಲುಗಟ್ಟಿತು. ಮೊದಲ ವರ್ಷ ಮೂರನೆಯ ಕ್ವಾರ್ಟರಿನಲ್ಲಿ ಸರಾಸರಿ ಒಂಬತ್ತು ಪಾಯಿಂಟು ಹಿಂದೆ. ಎರಡನೆಯ ವರ್ಷ ನಾಲ್ಕು ಹಿಂದೆ. ಈ ವರ್ಷ ಒಂದು ಪಾಯಿಂಟು ಮುಂದೆ. ಉಳಿದ ಮೂರು ಕ್ವಾರ್ಟರುಗಳನ್ನು ನೋಡಿದರೆ ಅಲ್ಲಿ ನಡೆದದ್ದು ತದ್ವಿರುದ್ಧ. ಎರಡನೆಯ ವರ್ಷದಿಂದ ಪ್ರಿನ್ಸಿಪಾಲರೇ ತಂಡವನ್ನು ದೊಡ್ಡ ಕಾಲೇಜುಗಳ ಲೀಗಿಗೆ ಸೇರಿಸಿದ್ದರು. ಎದುರಾಳಿಗಳು ಗಟ್ಟಿಯಾದಂತೆ ಕೋಚ್ ನಡೆಸುವ ಮೂರು ಕ್ವಾರ್ಟರುಗಳು ಆರು ಮುಂದೆ ಇದ್ದದ್ದು ಮೂರು ಹಿಂದಕ್ಕೆ ಇಳಿದಿದ್ದವು. ಒಂದು ಇಳಿದು ಒಂದು ಏರಿದ್ದರಿಂದ ಗೆಲುವಿನ ಸಂಖ್ಯೆ ಅಲುಗಾಡಿರಲಿಲ್ಲ. ಅದೇ ಎದುರಾಳಿಗಳ ಮುಂದೆ, ಅದೇ ದಿನ, ಹುಡುಗಿಯರು ತಾವೇ ನಡೆಸಿದ ಹತ್ತು ನಿಮಿಷ ಮಾತ್ರ ವರ್ಷದಿಂದ ವರ್ಷಕ್ಕೆ ಏರಿತ್ತು.

ಪೆನ್ಸಿಲ್ ಕೆಳಗಿಡಬೇಕೆನ್ನುವಾಗ ಅವಳಿಗೆ ಇನ್ನೊಂದು ಹೊಳೆಯಿತು. ಕೋಚ್ ಬಂದ ವರ್ಷವೇ ಕಾಲೇಜಿಗೆ ಸೇರಿದ ಹುಡುಗಿಯರು ಇವರು. ಮೂರು ವರ್ಷ ಮುಗಿಸಿ ಮುಂದಿನ ತಿಂಗಳು ಹೋಗುತ್ತಾರೆ, ಹನ್ನೆರಡರಲ್ಲಿ ಒಂಬತ್ತು ಜನ. ಏರಿದ ಗೆರೆ ಅವರ ಜೊತೆಗೇ ಹೊರಟುಹೋಗುತ್ತದೆ. ಅದನ್ನೂ ಬರೆದಳು. ಬರೆಯದಿದ್ದರೆ ಸಭೆ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದ ಹಾಗಾಗುತ್ತಿತ್ತು.

ಸೋಮವಾರ ಹನ್ನೊಂದು ಗಂಟೆಗೆ ಸಭೆಯ ಕೋಣೆಯಲ್ಲಿ ದಾನಿಗಳು ಆಗಲೇ ವರದಿಯ ಮೇಲೆ ಪೆನ್ನಿಟ್ಟುಕೊಂಡು ಕೂತಿದ್ದರು.

"ಚೆನ್ನಾಗಿ ಬರೆದಿದೀರಿ ಮೇಡಂ. ಎಲ್ಲಿ ಸಹಿ ಹಾಕಬೇಕು?"

"ಹಾಕಬೇಡಿ ಸರ್. ಆ ವರದಿ ತಪ್ಪು. ವಾಪಸ್ ತಗೋತಿದೀನಿ." ಅವಳು ಹೊಸ ಹಾಳೆಗಳನ್ನು ಹಂಚಿದಳು. ತಪ್ಪು ಏನು, ಹೇಗಾಯಿತು, ಯಾರದು ಎಂದು ಮೂರು ವಾಕ್ಯದಲ್ಲಿ ಹೇಳಿದಳು. ದನಿ ಶುಕ್ರವಾರ ಎಷ್ಟು ಗಟ್ಟಿಯಾಗಿತ್ತೋ ಅಷ್ಟೇ ಗಟ್ಟಿಯಾಗಿತ್ತು. ಗುಮಾಸ್ತರ ಹೆಸರು ಬಂದಾಗ ಪ್ರಿನ್ಸಿಪಾಲರು ಹುಬ್ಬೇರಿಸಿದರು.

"ಅವರ ತಪ್ಪಲ್ಲ ಸರ್. ಅವರು ಪುಟ ಎಣಿಸಿದ್ರು. ನಾನು ಕೇಳದೇ ಪಂದ್ಯ ಅಂದ್ಕೊಂಡೆ."

ದಾನಿಗಳು ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. "ಶುಕ್ರವಾರ ಕಳಿಸಿ ಅಂದ್ರಿ. ಸೋಮವಾರ ಇಟ್ಕೊಳ್ಳಿ ಅಂತೀರಿ. ಮಂಗಳವಾರ ಏನು ಹೇಳ್ತೀರಿ?"

"ಮಂಗಳವಾರ ನನಗೆ ಕ್ಲಾಸಿದೆ ಸರ್. ಎರಡೂ ಒಂದೇ ನಲವತ್ತು ಹಾಳೆಯಿಂದ ಬಂದಿದ್ದು. ಫೈಲ್ ಇಲ್ಲೇ ಇದೆ, ಬೇಕಾದ ಶೀಟ್ ತೆಗೆದು ನೀವೇ ತಾಳೆ ನೋಡಿ."

ದಾನಿಗಳು ನಿಜಕ್ಕೂ ತೆಗೆದು ನೋಡಿದರು. ಆರು ಶೀಟು ನೋಡಿದ ಮೇಲೆ ಫೈಲ್ ಮುಚ್ಚಿದರು. "ಸರಿ. ಆದ್ರೆ ನಿಮ್ಮ ಲೆಕ್ಕದ ಪ್ರಕಾರ ಕೋಚ್ ನಡೆಸಿದ್ದು ಇಳಿದಿದೆ, ಹುಡುಗಿಯರು ನಡೆಸಿದ್ದು ಏರಿದೆ. ಹಾಗಾದ್ರೆ ಕೋಚನ್ನ ಕಳಿಸಿ ನಾಲ್ಕೂ ಕ್ವಾರ್ಟರ್ ಅವರಿಗೇ ಕೊಟ್ಟುಬಿಡಿ."

ಪ್ರಿನ್ಸಿಪಾಲರು ನಕ್ಕರು. ಅವಳೂ ನಕ್ಕಳು.

"ಆ ಹತ್ತು ನಿಮಿಷ ನಡೆಸೋದನ್ನ ಅವರಿಗೆ ಯಾರೋ ಕಲಿಸಿದಾರಲ್ಲ ಸರ್. ಬೇರೆ ಯಾರೂ ಆ ಹಾಲಿನಲ್ಲಿ ಇರಲಿಲ್ಲ."

"ಮುಂದಿನ ವರ್ಷ ಗೆಲ್ತೀವಾ, ಅಷ್ಟು ಹೇಳಿ."

"ಇಲ್ಲ. ಮೂರನೇ ಪ್ಯಾರಾದಲ್ಲಿ ಬರೆದಿದೀನಿ. ಒಂಬತ್ತು ಜನ ಹೋಗ್ತಾರೆ. ಹೊಸಬರು ಮೂರನೇ ಕ್ವಾರ್ಟರಲ್ಲಿ ಮತ್ತೆ ಒಂಬತ್ತು ಪಾಯಿಂಟು ಹಿಂದಿನಿಂದಲೇ ಶುರು ಮಾಡೋ ಸಂಭವ ಜಾಸ್ತಿ. ಮುಂದಿನ ವರ್ಷ ಈ ವರ್ಷಕ್ಕಿಂತ ಹೆಚ್ಚು ಸೋಲ್ತೀವಿ."

ಪ್ರಿನ್ಸಿಪಾಲರು ಮೂರನೆಯ ಪ್ಯಾರಾ ಹುಡುಕಿ ಓದಿದರು, ಕೊನೆಯ ಸಾಲಿನಿಂದಲೇ. "ಮೇಡಂ, ನೀವು ಕೋಚ್ ಪರವೋ ವಿರೋಧವೋ?"

"ಪರ, ಸರ್. ಪೂರ್ತಿ ಪರ."

ದಾನಿಗಳು ನಡುದಾರಿಯೊಂದನ್ನು ಮುಂದಿಟ್ಟರು. ಒಪ್ಪಂದ ಮುಂದುವರಿಸೋಣ, ಆದರೆ ಒಂದು ಷರತ್ತು: ಮೂರನೆಯ ಕ್ವಾರ್ಟರನ್ನೂ ಕೋಚ್ ಅವರೇ ನಡೆಸಬೇಕು. ಪ್ರಿನ್ಸಿಪಾಲರಿಗೆ ಅದು ಹಿಡಿಸಿತು. ಎರಡೂ ಕಡೆ ಮುಖ ಉಳಿಯುವ ದಾರಿ ಅವರಿಗೆ ಯಾವಾಗಲೂ ಹಿಡಿಸುತ್ತಿತ್ತು. ಕೋಚನ್ನು ಕರೆಸಿದರು.

ಕೋಚ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು. ಬಾಗಿಲು ಅವರಿಗಿಂತ ಗಿಡ್ಡವಾಗಿತ್ತು. ಪ್ರಿನ್ಸಿಪಾಲರು ಬಾಯಿ ತೆರೆಯುವ ಮೊದಲೇ ಅಧ್ಯಾಪಕಿ ಎದ್ದು ನಿಂತಳು.

"ಶನಿವಾರ ನಾನು ನಿಮಗೆ ಹೇಳಿದ್ದು ತಪ್ಪು. ಹುಡುಗಿಯರು ಕಲಿತಿದಾರೆ. ನಾನು ಹಾಳೆಗಳ ಕ್ರಮ ನೋಡಿರಲಿಲ್ಲ. ಕ್ಷಮಿಸಬೇಕು."

ಕೋಚ್ ಅವಳು ಚಾಚಿದ ನಕ್ಷೆಯನ್ನು ತೆಗೆದುಕೊಂಡರು. ಏರುತ್ತ ಹೋದ ಚುಕ್ಕೆಗಳ ಮೇಲೆ ಬೆರಳಾಡಿಸಿದರು. "ಎರಡು ದಿನ ನನ್ನ ಮೇಲೇ ಅನುಮಾನ ಬಂದುಬಿಟ್ಟಿತ್ತು ಮೇಡಂ," ಎಂದರು ಮೆಲ್ಲಗೆ. "ಮೂವತ್ತು ವರ್ಷದಲ್ಲಿ ಮೊದಲನೇ ಸಲ. ಈ ಹಾಳೆ ನಾನು ಇಟ್ಕೋಬಹುದಾ?"

"ಇಟ್ಕೊಳ್ಳಿ."

ಪ್ರಿನ್ಸಿಪಾಲರು ಷರತ್ತನ್ನು ಹೇಳಿದರು. ಕೋಚ್ ಪೂರ್ತಿ ಕೇಳಿಸಿಕೊಂಡು ಅಡ್ಡಡ್ಡ ತಲೆಯಾಡಿಸಿದರು.

"ಆಗಲ್ಲ ಸರ್. ಮೂರನೇ ಕ್ವಾರ್ಟರ್ ನನ್ನದಲ್ಲ. ಮೂರು ಹುಡುಗಿಯರು ಉಳೀತಾರಲ್ಲ, ಅವರಿಗೆ ಹಲಗೆ ಹಿಡಿಯೋದು ಗೊತ್ತಾಗಿದೆ. ಕಸಿದುಕೊಂಡ್ರೆ ನನ್ನ ಮಾತು ಅವರು ಇನ್ಯಾಕೆ ಕೇಳ್ತಾರೆ?"

"ಕೆಲಸ ಹೋದ್ರೂ ಪರವಾಗಿಲ್ವಾ?" ಎಂದು ದಾನಿಗಳು ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ, ತಿಳಿಯುವ ಆಸೆಯಿತ್ತು.

"ಪರವಾಗಿಲ್ಲ ಅಂತ ಹೇಳೋಕಾಗಲ್ಲ ಸರ್. ಕೆಲಸ ಬೇಕು. ಆದ್ರೆ ಈ ಕೆಲಸ ಬೇಕು, ನೀವು ಹೇಳ್ತಿರೋದು ಬೇರೆ ಕೆಲಸ."

ಅವರನ್ನು ಹೊರಗೆ ಕೂರಲು ಹೇಳಿದರು. ದಾನಿಗಳು ಕುರ್ಚಿಗೆ ಒರಗಿ, ಷರತ್ತಿದ್ದರೆ ತಮ್ಮ ಮತ ಪರ, ಇಲ್ಲದಿದ್ದರೆ ವಿರೋಧ ಎಂದರು. ಪ್ರಿನ್ಸಿಪಾಲರು ಅಧ್ಯಾಪಕಿಯ ಕಡೆ ತಿರುಗಿದರು.

"ನೀವು?"

"ಮೂರು ವರ್ಷ. ಷರತ್ತಿಲ್ಲದೆ."

"ಒಂದು ವರ್ಷ ಕೊಟ್ಟು ನೋಡೋಣ ಅಂದ್ರೆ?"

"ಒಂದು ವರ್ಷ ಕೊಟ್ರೆ ನಾವು ಮತ್ತೆ ನೋಡೋದು ಆ ಒಂಬತ್ತು ಪಾಯಿಂಟಿನ ಹಿನ್ನಡೆಯನ್ನೇ ಸರ್. ಆಗ ಖಂಡಿತ ಕಳಿಸ್ತೀವಿ. ಅವರ ಕೆಲಸ ಕಾಣಿಸೋಕೆ ಮೂರು ವರ್ಷ ಬೇಕು. ಡಿಗ್ರಿನೂ ಮೂರು ವರ್ಷದ್ದೇ. ಮೊದಲ ವರ್ಷ ಫೇಲ್ ಆದವರನ್ನೆಲ್ಲ ನಾವು ಕಳಿಸ್ತೀವಾ?"

ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಯಾರೋ ಇಬ್ಬರು ಜಗಳವಾಡುತ್ತಿದ್ದರು. ಕೊನೆಗೆ ಹಾಳೆ ಎಳೆದುಕೊಂಡು ಗಟ್ಟಿಯಾಗಿ ಓದಿದರು: "'ಮುಂದಿನ ವರ್ಷ ಹೆಚ್ಚು ಪಂದ್ಯಗಳನ್ನು ಸೋಲುವ ಸಂಭವವಿದೆ. ಮುಂದುವರಿಸಬೇಕೆಂದು ಶಿಫಾರಸು ಮಾಡುತ್ತೇನೆ.' ಇಂಥ ಶಿಫಾರಸು ನನ್ನ ಸರ್ವಿಸ್‌ನಲ್ಲೇ ಓದಿಲ್ಲ." ಪೆನ್ನಿನ ಮುಚ್ಚಳ ತೆಗೆದರು. "ಸೋಲ್ತೀವಿ ಅಂತ ಮೊದಲೇ ಬರೆದುಕೊಟ್ಟವರು ಇನ್ನೇನು ಸುಳ್ಳು ಹೇಳಿಯಾರು."

ಸಹಿ ಹಾಕಿದರು. ಮತ ಎರಡಕ್ಕೆ ಒಂದು.

"ನಂದು ವಿರೋಧ ಅಂತ ಬರ್ಕೊಳ್ಳಿ," ಎಂದರು ದಾನಿಗಳು. "ಮತ್ತೆ ಮುಂದಿನ ವರ್ಷ ಮೂರನೇ ಕ್ವಾರ್ಟರಿನಲ್ಲಿ ನನ್ನ ಬೋರ್ಡ್ ಆರಿಸಿಡಿ. ಕರೆಂಟಾದ್ರೂ ಉಳಿಯುತ್ತೆ."

"ಬರ್ಕೋತೀನಿ ಸರ್," ಎಂದಳು ಅವಳು. ಬರೆದುಕೊಂಡಳು ಕೂಡ, ಮೊದಲಿನದನ್ನು ಮಾತ್ರ.

ಹೊರಗೆ ಕೋಚ್ ಬೆಂಚಿನ ಮೇಲೆ ಕೂತಿರಲಿಲ್ಲ. ಹುಡುಕಿಕೊಂಡು ಹಾಲಿಗೆ ಹೋದಳು. ಅವರು ಏಣಿ ಹತ್ತಿ ಬುಟ್ಟಿಯ ಹರಿದ ಬಲೆಯನ್ನು ಬಿಚ್ಚುತ್ತಿದ್ದರು. ಹೊಸದು ಹೆಗಲ ಮೇಲಿತ್ತು. ಮೇಲಿನಿಂದಲೇ ಕೇಳಿದರು, "ಎಷ್ಟು?"

"ಮೂರು ವರ್ಷ. ಷರತ್ತಿಲ್ಲ."

ಅವರು ಒಂದು ಕೊಕ್ಕೆಯಿಂದ ದಾರ ಬಿಡಿಸಿ, ಇನ್ನೊಂದಕ್ಕೆ ಕೈ ಹಾಕಿದರು. ಆಮೇಲೆ ಹೇಳಿದರು, "ಮೊದಲನೇ ವರ್ಷ ನೀವು ನೋಡೋಕೆ ಬರಬೇಡಿ ಮೇಡಂ. ಹೊಟ್ಟೆ ಉರಿಯುತ್ತೆ."

"ಮೊದಲನೇ ವರ್ಷವೇ ಬರ್ತೀನಿ," ಎಂದಳು. "ನಿಮ್ಮ ಪಕ್ಕದ ಕುರ್ಚೀಲಿ ಕೂರ್ತೀನಿ. ನೀವು ಯಾವಾಗ ಕೂಗೋಕೆ ಹೊರಟ್ರೂ ಹಿಡಿದು ಕೂರಿಸ್ತೀನಿ."

"ನಿಮ್ಮನ್ನ ಹಿಡಿದು ಕೂರಿಸೋರು ಯಾರು?"

ಅವಳು ಏಣಿ ಅಲುಗದಂತೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಅವರು ಹೊಸ ಬಲೆಯ ಕೊನೆಯ ಗಂಟು ಹಾಕುವವರೆಗೆ ಕೆಳಗೆ ನಿಂತಳು.